ಬೇರೆ ದೇಶದ ನಾಮಫಲಕದ ಹಿಂದೆ

1921ರ ನವೆಂಬರಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ‘ಇಂಟರ್‌ನ್ಯಾಷನಲ್ ಅಸೆಂಬ್ಲಿ’ ಎಂಬ ಹೆಸರಿಟ್ಟುಕೊಂಡು ಒಂದು ಸಭೆ ಸೇರಿಸಿದರು. ಜಿನೀವಾದ ಲೀಗ್ ಆಫ್ ನೇಷನ್ಸ್, ಅಂದರೆ ನಮ್ಮ ಶಾಲೆಯ ಪಾಠಗಳಲ್ಲಿ ಬರುತ್ತಿದ್ದ ‘ರಾಷ್ಟ್ರಸಂಘ’, ಹುಟ್ಟಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅದರ ಅಧಿವೇಶನ ಹೇಗೆ ನಡೆಯುತ್ತದೋ ಹಾಗೆಯೇ ತಾವೂ ನಡೆಸಬೇಕು, ಒಬ್ಬೊಬ್ಬರು ಒಂದೊಂದು ದೇಶದ ಪರವಾಗಿ ಮಾತಾಡಬೇಕು ಎಂಬುದು ಅವರ ಯೋಚನೆ. ಇವತ್ತು ಮುಂಬೈ, ಪುಣೆ, ಬೆಂಗಳೂರು, ದೆಹಲಿಯಲ್ಲಿ ಶನಿವಾರ ಬಂತೆಂದರೆ ಕೋಟು ಹಾಕಿಕೊಂಡು ‘ಮನ್’ಗೆ, ಅಂದರೆ ಮಾಡೆಲ್ ಯುನೈಟೆಡ್ ನೇಷನ್ಸ್‌ಗೆ ಹೊರಡುವ ಹುಡುಗ ಹುಡುಗಿಯರ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ, ದಾಖಲೆಯಲ್ಲಿ ಸಿಗುವ ಮೊದಲ ಹಿರಿಯರು ಇವರೇ. ಆ ಸಭೆಯ ಆರಂಭದ ಸೆಕ್ರೆಟರಿ ಜನರಲ್ ಒಬ್ಬ ಭಾರತೀಯ: ಮೀರ್ ಮಹಮೂದ್. ಆಕ್ಸ್‌ಫರ್ಡಿನ ಭಾರತೀಯ ವಿದ್ಯಾರ್ಥಿಗಳ ಚರ್ಚಾಕೂಟವಾಗಿದ್ದ ‘ಮಜ್ಲಿಸ್’ಗೂ ಅಧ್ಯಕ್ಷನಾಗಿದ್ದವನು.

ಅದೇ ಕಾಲದಲ್ಲಿ ನಿಜವಾದ ಜಿನೀವಾದಲ್ಲಿ ‘ಇಂಡಿಯಾ’ ಎಂಬ ಕುರ್ಚಿಯಲ್ಲಿ ಯಾರು ಕೂರುತ್ತಿದ್ದರು ಎಂದು ನೋಡಿದರೆ, ಹುಡುಗರ ಆಟ ಯಾವುದು, ದೊಡ್ಡವರ ಆಟ ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. 1919ರ ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಸಹಿ ಹಾಕಿದವರು ಇಬ್ಬರು: ಬ್ರಿಟಿಷ್ ಸರ್ಕಾರದ ಭಾರತ ಸಚಿವ ಎಡ್ವಿನ್ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾ ಸಿಂಗ್. ಆ ಸಹಿಯ ದೆಸೆಯಿಂದ ಭಾರತ ರಾಷ್ಟ್ರಸಂಘದ ಮೂಲ ಸದಸ್ಯರಲ್ಲೊಂದಾಯಿತು. ತನ್ನನ್ನು ತಾನು ಆಳಿಕೊಳ್ಳದ ಮೂಲ ಸದಸ್ಯ ಅದೊಂದೇ. 1920ರ ಮೊದಲ ಅಧಿವೇಶನಕ್ಕೆ ಹೋದ ನಿಯೋಗದಲ್ಲಿ ಸರ್ ವಿಲಿಯಂ ಮೇಯರ್, ಸರ್ ಅಲಿ ಇಮಾಮ್ ಮತ್ತು ನವಾನಗರದ ಜಾಮ್ ಸಾಹೇಬ ರಣಜಿತ್‌ಸಿಂಹಜಿ ಇದ್ದರು. ಹೌದು, ಕ್ರಿಕೆಟ್ಟಿನ ಅದೇ ರಣಜಿ. ಸಸೆಕ್ಸ್ ತಂಡದ ಹಳೆಯ ಗೆಳೆಯ ಸಿ.ಬಿ. ಫ್ರೈ ಅವರನ್ನು ಭಾಷಣ ಬರೆದುಕೊಡಲು ಜೊತೆಗೆ ಕರೆದುಕೊಂಡು ಹೋಗಿದ್ದರು. ಭಾರತದ ನಿಯೋಗಕ್ಕೆ ಭಾರತೀಯನೊಬ್ಬ ನಾಯಕನಾದದ್ದು 1929ರಲ್ಲಿ, ಮದರಾಸಿನ ಸರ್ ಮುಹಮ್ಮದ್ ಹಬೀಬುಲ್ಲಾ ಹೋದಾಗ. ನಾಯಕ ಯಾರೇ ಆದರೂ ಮುಖ್ಯ ವಿಷಯಗಳಲ್ಲಿ ಏನು ಹೇಳಬೇಕೆಂಬುದು ಲಂಡನ್ನಿನ ಇಂಡಿಯಾ ಆಫೀಸಿನಿಂದ ಬರುತ್ತಿತ್ತು. ಕೊಟ್ಟ ಟಿಪ್ಪಣಿ ಹಿಡಿದು, ತನ್ನದಲ್ಲದ ನಿಲುವನ್ನು ತನ್ನದೆಂಬಂತೆ ಓದುವುದು. ಇವತ್ತಿನ ಕಾಲೇಜು ಹುಡುಗರು ಎರಡು ದಿನ ಮಾಡುವುದನ್ನು ಭಾರತದ ಪ್ರತಿನಿಧಿಗಳು ಹೆಚ್ಚುಕಡಿಮೆ ಕಾಲು ಶತಮಾನ ಮಾಡಿದರು.

ಅಟ್ಲಾಂಟಿಕ್ಕಿನ ಆಚೆ ಇನ್ನೊಂದು ವಿಚಿತ್ರ. ರಾಷ್ಟ್ರಸಂಘದ ಕನಸು ಕಂಡವರು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್. ಅದಕ್ಕೆ ಸೇರಲು ಒಪ್ಪದೇ ಇದ್ದದ್ದು ಅವರದೇ ದೇಶದ ಸೆನೆಟ್, 1919ರಲ್ಲಿ ಒಮ್ಮೆ, 1920ರಲ್ಲಿ ಮತ್ತೊಮ್ಮೆ. ಆ ದಶಕದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಮಾದರಿ ರಾಷ್ಟ್ರಸಂಘಗಳು ಶುರುವಾದವು. ಅಪ್ಪಂದಿರು ಹೊಸ್ತಿಲು ದಾಟದ ಸಭೆಯಲ್ಲಿ ಮಕ್ಕಳು ಹೋಗಿ ಕೂತರು. ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಯುದ್ಧ ಮುಗಿಯಿತು, ರಾಷ್ಟ್ರಸಂಘ ಹೋಗಿ ವಿಶ್ವಸಂಸ್ಥೆ ಬಂತು. 1947ರ ಏಪ್ರಿಲ್ 5ರಂದು ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ 41 ಕಾಲೇಜುಗಳ ಪ್ರತಿನಿಧಿಗಳು ಸೇರಿ ಸಾಮಾನ್ಯ ಸಭೆಯ ಅಣಕು ಅಧಿವೇಶನ ನಡೆಸಿದರು. ಅಂತರರಾಷ್ಟ್ರೀಯ ಪೊಲೀಸ್ ಪಡೆ ಬೇಕು, ಪರಮಾಣು ಶಕ್ತಿಗೆ ಕಡಿವಾಣ ಬೇಕು ಎಂದು ನಿರ್ಣಯ ಮಾಡಿದರು. 1952ರಲ್ಲಿ ಬರ್ಕ್‌ಲಿ, 1953ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಹೈಸ್ಕೂಲು ಮಕ್ಕಳಿಗೆಂದು ಶುರುಮಾಡಿದ ಸಮ್ಮೇಳನಗಳು ಇನ್ನೂ ನಡೆಯುತ್ತಿವೆ. 1968ರಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರಕ್ಕೂ ಇದು ಬಂತು. ಭಾರತದಲ್ಲಿ ಜೋರಾಗಿ ಹಬ್ಬಿದ್ದು ಈ ಶತಮಾನದಲ್ಲಿ.

‘ಅಣಕು ಅಧಿವೇಶನ’ ಎಂದು ಬರೆದೆ. ಅನುವಾದದ ಕೆಲಸ ಮಾಡುವವಳಾದ್ದರಿಂದ ಈ ಪದ ನನ್ನನ್ನು ಸುಮ್ಮನೆ ದಾಟಲು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ‘ಮಾಡೆಲ್’ ಎಂದು ಮರ್ಯಾದೆಯ ಹೆಸರಿದೆ. ಕನ್ನಡ ಪತ್ರಿಕೆಗಳು ಅಣಕು ನ್ಯಾಯಾಲಯ, ಅಣಕು ಸಂಸತ್ತು ಎಂದೇ ಬರೆಯುತ್ತವೆ. ಅಣಕಿಸುವುದು ಅಂದರೆ ನಮ್ಮಲ್ಲಿ ಗೇಲಿ ಮಾಡುವುದೂ ಹೌದು, ಹಾಗೆಯೇ ಮಾಡಿ ತೋರಿಸುವುದೂ ಹೌದು. ಒಬ್ಬರ ನಡಿಗೆಯನ್ನು ಅಣಕಿಸಬೇಕಾದರೆ ಮೊದಲು ಅದನ್ನು ಚೆನ್ನಾಗಿ ನೋಡಿರಬೇಕು. ‘ಮಾದರಿ ವಿಶ್ವಸಂಸ್ಥೆ’ ಎಂದರೆ ಎಲ್ಲರೂ ಅನುಸರಿಸಬೇಕಾದ ಆದರ್ಶ ವಿಶ್ವಸಂಸ್ಥೆ ಎಂಬ ಅರ್ಥ ನುಸುಳುತ್ತದೆ, ಮಾದರಿ ಗ್ರಾಮ, ಮಾದರಿ ಶಾಲೆ ಇದ್ದ ಹಾಗೆ. ನನಗೆ ‘ಅಣಕು’ ಪದವೇ ಇಷ್ಟ. ಅದರಲ್ಲಿ ತುಂಟತನವೂ ಇದೆ, ಗಮನಿಸುವಿಕೆಯೂ ಇದೆ.

ಹಾಗೆ ನೋಡಿದರೆ ತನ್ನದಲ್ಲದ ಪಕ್ಷವನ್ನು ತನ್ನದೆಂದು ವಾದಿಸುವ ವಿದ್ಯೆಗೆ ಕರಾವಳಿಯವರು ಆಕ್ಸ್‌ಫರ್ಡಿನ ಕಡೆ ನೋಡಬೇಕಾಗಿಲ್ಲ. ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಬಿಳಿ ಪಂಚೆ ಶಾಲಿನಲ್ಲಿ ಎದುರು ಬದುರು ಕೂತು ಮಾತೇ ಮಾತು. ಅದರ ಜನಪ್ರಿಯ ಪ್ರಸಂಗಗಳಲ್ಲಿ ಒಂದಾದ ‘ಕೃಷ್ಣ ಸಂಧಾನ’ ಶುದ್ಧ ರಾಜತಾಂತ್ರಿಕ ಕಥೆ: ರಾಯಭಾರಿ ಬರುತ್ತಾನೆ, ಬೇಡಿಕೆ ಇಡುತ್ತಾನೆ, ಬೇಡಿಕೆ ಇಳಿಸುತ್ತಾನೆ, ಮಾತುಕತೆ ಮುರಿಯುತ್ತದೆ. ಮುರಿಯುತ್ತದೆಂದು ಸಭೆಗೆ ಮೊದಲೇ ಗೊತ್ತು. ಆದರೂ ರಾತ್ರಿಯಿಡೀ ಕೇಳುತ್ತಾರೆ, ಯಾಕೆಂದರೆ ಕೌರವನ ಅರ್ಥ ಹೇಳುವವನು ‘ನಾನು ಯಾಕೆ ಕೊಡಬೇಕು?’ ಎಂಬುದಕ್ಕೆ ಇವತ್ತು ಹೊಸ ಕಾರಣ ತರಬಹುದು. ಇಂದು ಕೌರವನಾದವನು ನಾಳೆ ಇನ್ನೊಂದು ಊರಲ್ಲಿ ಕೃಷ್ಣನಾಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು ಮನೆಗೆ ಹೋಗುವಾಗ, ಸೋತವನ ಕಡೆಗೂ ನ್ಯಾಯವಿತ್ತಲ್ಲ ಎಂದು ಗೊಣಗಿಕೊಂಡೇ ಹೋಗುತ್ತಿದ್ದರು. ಮುಂಬೈಯ ಓದುಗರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಮಾಟುಂಗದಿಂದ ಡೊಂಬಿವಲಿವರೆಗೆ ನೀವೇ ಕೇಳಿದ್ದೀರಿ.

ಇಂಥ ಸಭೆಗಳಲ್ಲಿ ವಿದ್ಯಾರ್ಥಿ ನಿಜವಾಗಿ ಬೆಳೆಯುತ್ತಾನೆಯೇ? ಅಥವಾ ದೊಡ್ಡವರ ಧಾಟಿಯನ್ನಷ್ಟೇ ಕಲಿಯುತ್ತಾನೆಯೇ? ಈ ಅನುಮಾನ ಹಳೆಯದು, ಮತ್ತು ಅದನ್ನು ಬರೆದಿಟ್ಟವರು ಜವಾಹರಲಾಲ್ ನೆಹರೂ. 1907ರಿಂದ 1910ರವರೆಗೆ ಅವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿದ್ದರು. ಅಲ್ಲಿಯೂ ಭಾರತೀಯರದೊಂದು ಮಜ್ಲಿಸ್ ಇತ್ತು, 1891ರಲ್ಲಿ ಶುರುವಾದದ್ದು. ಆತ್ಮಕಥೆಯಲ್ಲಿ ನೆಹರೂ ಹೇಳುವುದು ಇಷ್ಟು: ಮಜ್ಲಿಸ್‌ಗೆ ಹೋಗುತ್ತಿದ್ದೆ, ಆದರೆ ಮೂರು ವರ್ಷದಲ್ಲಿ ಅಲ್ಲಿ ಬಾಯಿ ತೆರೆದದ್ದೇ ಅಪರೂಪ, ಸಂಕೋಚ. ಕಾಲೇಜಿನ ಇನ್ನೊಂದು ಚರ್ಚಾಕೂಟ ‘ಮ್ಯಾಗ್‌ಪೈ ಅಂಡ್ ಸ್ಟಂಪ್’ನಲ್ಲಿ ಇಡೀ ಟರ್ಮು ಮಾತಾಡದ ಸದಸ್ಯರಿಗೆ ದಂಡವಿತ್ತು, ಅದನ್ನು ಅವರು ಹಲವು ಸಲ ಕಟ್ಟಿದರು. ಮಜ್ಲಿಸ್‌ನ ಬಗ್ಗೆ ಅವರ ದೂರು ಇನ್ನೂ ಚೂಪಾದದ್ದು. ಅಲ್ಲಿ ವಿಷಯವನ್ನು ಹಿಡಿದು ಜಗ್ಗುವುದಕ್ಕಿಂತ ಪಾರ್ಲಿಮೆಂಟಿನ ಶೈಲಿ, ಹಾವಭಾವಗಳನ್ನು ನಕಲು ಮಾಡುವುದರಲ್ಲೇ ಹೆಚ್ಚು ಶ್ರಮ ಹೋಗುತ್ತಿತ್ತಂತೆ. ಇವತ್ತಿನ ಯಾವುದೇ ಮನ್‌ಗೆ ಹೋಗಿ ಬಂದ ಪ್ರಾಧ್ಯಾಪಕರು ಆಡುವ ಮಾತು ಇದೇ. ಮಾತಾಡದ ಹುಡುಗ ಮುಂದೆ ಹದಿನೇಳು ವರ್ಷ ವಿದೇಶಾಂಗ ಖಾತೆಯನ್ನು ಕೈಯಲ್ಲಿಟ್ಟುಕೊಂಡ. ಮಜ್ಲಿಸ್‌ನಲ್ಲಿ ಗಂಟಲು ಬಿರಿಯುವಂತೆ ದೇಶಭಕ್ತಿಯ ಭಾಷಣ ಮಾಡಿದವರಲ್ಲಿ ಕೆಲವರು ಐಸಿಎಸ್ ಸೇರಿದರು, ಕೆಲವರು ವಕೀಲರಾದರು ಎಂದು ನೆಹರೂ ಚುಚ್ಚುತ್ತಾರೆ.

ಆದರೆ ನಕಲು ಕಲಿಕೆಯಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮಗು ಮಾತು ಕಲಿಯುವಾಗ ಅರ್ಥಕ್ಕಿಂತ ಎಷ್ಟೋ ಮೊದಲು ಧಾಟಿಯನ್ನು ಹಿಡಿಯುತ್ತದೆ. ಪದ ಬಾರದ ಕೂಸು ಪ್ರಶ್ನೆಯ ರಾಗದಲ್ಲಿ ತೊದಲುತ್ತದೆ. ಅಣಕು ಸಭೆಯಲ್ಲೂ ಹಾಗೆಯೇ ಆಗುತ್ತದೆಂದು ನನಗೆ ಅನ್ನಿಸಿದ್ದು ಅಕ್ಕನ ಮಗಳ ಮೂಲಕ. ಅದನ್ನು ಹೇಳುವ ಮೊದಲು ಅವಳು ಆಡಿದ ಪ್ರಸಂಗದ ಮೂಲ ಕಥೆ ಹೇಳಬೇಕು.

1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದು ಬರೆಯುವಾಗ ಭಾರತದ ನಿಯೋಗಕ್ಕೆ ನಾಯಕರಾಗಿದ್ದವರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಮುಂದಿನ ವರ್ಷವೇ ಮೈಸೂರಿನ ದಿವಾನರಾಗಿ ಬಂದವರು. ‘ಮೈಸೂರು ಚಲೋ’ ನೆನಪಿರುವ ಮನೆಗಳಲ್ಲಿ ಆ ಹೆಸರು ಅಷ್ಟೇನೂ ಪ್ರೀತಿಯದ್ದಲ್ಲ. ಸಮರ್ಥರು, ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಹೌದು. ಆದರೆ ಅವರನ್ನು ಆರಿಸಿ ಕಳಿಸಿದ್ದು ಬ್ರಿಟಿಷ್ ಭಾರತ ಸರ್ಕಾರ. ಅದೇ ಊರಿನಲ್ಲಿ, ಸಭೆಯ ಹೊರಗೆ, ಪತ್ರಕರ್ತರ ಮುಂದೆ ಒಬ್ಬ ಮಹಿಳೆ ಆ ನಿಯೋಗ ಭಾರತವನ್ನು ಪ್ರತಿನಿಧಿಸುವುದಿಲ್ಲ ಎಂದು ಹೇಳುತ್ತಾ ತಿರುಗುತ್ತಿದ್ದರು: ವಿಜಯಲಕ್ಷ್ಮಿ ಪಂಡಿತ್. ಒಂದೂವರೆ ವರ್ಷದ ಮೇಲೆ, 1946ರ ಸೆಪ್ಟೆಂಬರಿನಲ್ಲಿ ಮಧ್ಯಂತರ ಸರ್ಕಾರ ಬಂದಾಗ, ಹೊರಗೆ ನಿಂತಿದ್ದ ಆ ಮಹಿಳೆಯೇ ನಿಯೋಗದ ನಾಯಕಿಯಾಗಿ ನ್ಯೂಯಾರ್ಕಿಗೆ ಹೋದರು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಟಿಪ್ಪಣಿ ಮಾತ್ರ ಲಂಡನ್ನಿನದಾಗಿರಲಿಲ್ಲ.

ವಿಷಯ ದಕ್ಷಿಣ ಆಫ್ರಿಕಾದ ಭಾರತೀಯರದು. ಆ ವರ್ಷ ಅಲ್ಲಿನ ಸರ್ಕಾರ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ಗೆರೆ ಎಳೆಯುವ ಕಾಯಿದೆ ಮಾಡಿತ್ತು. ಜನ ಅದನ್ನು ‘ಘೆಟ್ಟೋ ಕಾಯಿದೆ’ ಎಂದು ಕರೆದರು. ಭಾರತ ತನ್ನ ಹೈಕಮಿಷನರನ್ನು ವಾಪಸು ಕರೆಸಿಕೊಂಡಿತ್ತು, ವ್ಯಾಪಾರ ನಿಲ್ಲಿಸಿತ್ತು. ಎದುರಿಗಿದ್ದವರು ಜನರಲ್ ಯಾನ್ ಸ್ಮಟ್ಸ್, ಗಾಂಧಿಯ ಹಳೆಯ ಎದುರಾಳಿ. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯ ಮೊದಲ ಕರಡು ಬರೆದ ಕೈ ಕೂಡ ಅವರದೇ. ಸ್ಮಟ್ಸ್ ಹಿಡಿದದ್ದು ಸನ್ನದಿನ 2ನೇ ವಿಧಿಯ 7ನೇ ಉಪವಿಧಿಯನ್ನು: ಒಂದು ದೇಶದ ಆಂತರಿಕ ವಿಷಯದಲ್ಲಿ ವಿಶ್ವಸಂಸ್ಥೆ ಕೈ ಹಾಕುವಂತಿಲ್ಲ. ಅನುಮಾನವಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳೋಣ ಎಂದರು. ಬ್ರಿಟನ್ನಿಗೂ ಅಮೆರಿಕಕ್ಕೂ ಅದೇ ದಾರಿ ಹಿತವಾಗಿತ್ತು. ಭಾರತದ ನಿಯೋಗದಲ್ಲಿ ಬಾಂಬೆ ಹೈಕೋರ್ಟಿನ ಎಂ.ಸಿ. ಛಾಗ್ಲಾ ಇದ್ದರು, ಕಾನೂನಿಗೆ ಕಾನೂನು ಹೇಳಲು. ಸಭೆಯ ಹೊರಗೆ ದಕ್ಷಿಣ ಆಫ್ರಿಕಾದಿಂದಲೇ ಬಂದಿದ್ದ ಎಚ್.ಎ. ನಾಯ್ಡು ಮತ್ತು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಡಾ. ಕ್ಸೂಮಾ ಒಂದೊಂದೇ ನಿಯೋಗವನ್ನು ಕಂಡು ಮಾತಾಡುತ್ತಿದ್ದರು.

1946ರ ಡಿಸೆಂಬರ್ 8ರಂದು ಮತ ಎಣಿಸಿದಾಗ ಪರ 32, ವಿರುದ್ಧ 15, ತಟಸ್ಥ 7. ಬೇಕಾಗಿದ್ದದ್ದು ಮತ ಹಾಕಿದವರ ಮೂರನೇ ಎರಡು. ಲೆಕ್ಕ ಹಾಕಿ ನೋಡಿ: 47ರ ಮೂರನೇ ಎರಡೆಂದರೆ 31ಕ್ಕಿಂತ ಚೂರು ಹೆಚ್ಚು. ಪರವಾಗಿದ್ದ ಒಂದೇ ಒಂದು ದೇಶ ಆ ಕಡೆ ವಾಲಿದ್ದರೆ ನಿರ್ಣಯ ಬಿದ್ದುಹೋಗುತ್ತಿತ್ತು. ಮತದಾನವಾದ ಮೇಲೆ ಪಂಡಿತ್ ಸ್ಮಟ್ಸ್ ಬಳಿಗೆ ಹೋಗಿ, ಗಾಂಧೀಜಿ ಹೇಳಿ ಕಳಿಸಿದ ಮರ್ಯಾದೆಯನ್ನು ತಾನು ಮಾತಿನಲ್ಲಿ ಮೀರಿದ್ದರೆ ಕ್ಷಮಿಸಬೇಕು ಎಂದರಂತೆ. ಮುದುಕ ಅವರ ಕೈ ಹಿಡಿದು, ನಿನ್ನ ಗೆಲುವು ಟೊಳ್ಳು ಗೆಲುವು ಮಗಳೇ, ಈ ಮತ ನನ್ನನ್ನು ಚುನಾವಣೆಯಲ್ಲಿ ಸೋಲಿಸುತ್ತದೆ, ನಿನಗೂ ಏನೂ ದಕ್ಕುವುದಿಲ್ಲ ಎಂಬರ್ಥದ ಮಾತು ಹೇಳಿದ್ದನ್ನು ಪಂಡಿತ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 1948ರಲ್ಲಿ ಸ್ಮಟ್ಸ್ ಸೋತರು. ಬಂದದ್ದು ನ್ಯಾಷನಲ್ ಪಾರ್ಟಿ, ಅದರ ಜೊತೆ ಅಪಾರ್ಥೈಡ್.

ಈಗ ಅಕ್ಕನ ಮಗಳ ವಿಷಯ. ಪುಣೆಯಲ್ಲಿ ಬಿಎ ಮೊದಲ ವರ್ಷದಲ್ಲಿದ್ದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್; ಮೂರರಲ್ಲೂ ಮಿತಭಾಷಿ. ಗೆಳತಿಯ ಒತ್ತಾಯಕ್ಕೆ ಹೆಸರು ಕೊಟ್ಟಿದ್ದಳು. ಮನ್‌ಗಳಲ್ಲಿ ‘ಐತಿಹಾಸಿಕ ಸಮಿತಿ’ ಎಂದು ಒಂದು ಬಗೆ ಇರುತ್ತದೆ, ಹಿಂದೆ ನಡೆದ ಸಭೆಯೊಂದನ್ನು ಆ ದಿನದ ತಿಳಿವಳಿಕೆಯಷ್ಟರಲ್ಲೇ ಮತ್ತೆ ನಡೆಸುವುದು. ಅವಳಿಗೆ ಬಂದದ್ದು 1946ರ ಸಾಮಾನ್ಯ ಸಭೆ, ದೇಶ ದಕ್ಷಿಣ ಆಫ್ರಿಕಾ. ಫೋನ್ ಮಾಡಿ, “ಚಿಕ್ಕಮ್ಮಾ, ನನಗೆ ವಿಲನ್ ಪಾರ್ಟ್ ಕೊಟ್ಟಿದಾರೆ” ಎಂದಳು. ಅವಳು ಕಳಿಸಿದ ಮೊದಲ ಕರಡನ್ನು ಓದಿದೆ. ಅದರಲ್ಲಿ ದಕ್ಷಿಣ ಆಫ್ರಿಕಾ ತನ್ನ ವರ್ಣಭೇದಕ್ಕೆ ನಾಲ್ಕು ಸಾಲಿಗೊಮ್ಮೆ ಕ್ಷಮೆ ಕೇಳುತ್ತಿತ್ತು.

“ಇದು ಸ್ಮಟ್ಸ್ ಅಲ್ಲ ಕಣೇ, ನೀನೇ” ಎಂದೆ.

“ಮತ್ತೆ ಏನು ಬರೀಲಿ? ಭಾರತೀಯರನ್ನ ಊರಾಚೆ ಇಡೋದು ಸರಿ ಅಂತ ಬರೀಲಾ?”

“ಹಾಗೆ ಅವನೂ ಹೇಳಿರಲಿಲ್ಲ. ಅವನೇನು ಹೇಳಿದ ಅಂತ ಹುಡುಕು.”

ಹುಡುಕಿದಳು. ಒಂದು ವಾರ 2(7) ಬಿಟ್ಟರೆ ಬೇರೆ ಮಾತಿಲ್ಲ. ಸ್ಮಟ್ಸ್ ತನ್ನ ಕಾಯಿದೆ ಒಳ್ಳೆಯದೆಂದು ವಾದಿಸುವುದಕ್ಕಿಂತ, ಅದನ್ನು ಕೇಳುವ ಅಧಿಕಾರ ನಿಮಗೆಲ್ಲಿದೆ ಎಂದು ವಾದಿಸುವುದರಲ್ಲಿ ಶಕ್ತಿ ಹಾಕಿದ್ದು ಅವಳಿಗೆ ತಾನಾಗಿಯೇ ಹೊಳೆಯಿತು. ಒಂದು ಪ್ರಶ್ನೆಯನ್ನು ಉತ್ತರಿಸದೆ, ಪ್ರಶ್ನೆ ಕೇಳುವ ಜಾಗವನ್ನೇ ಪ್ರಶ್ನಿಸುವುದು. ನಾವು ಮನೆಯ ಜಗಳದಲ್ಲಿ ದಿನವೂ ಮಾಡುವುದು ಇದೇ, ಗಮನಿಸಿರುವುದಿಲ್ಲ ಅಷ್ಟೆ. ಸಮ್ಮೇಳನದ ದಿನ ಭಾರತದ ಪಾತ್ರ ವಹಿಸಿದ್ದ ಹುಡುಗ ಗಾಂಧಿ, ಡರ್ಬನ್, ರೈಲಿನ ಮೊದಲ ದರ್ಜೆ ಎಂದೆಲ್ಲ ಉರಿದುಬಿದ್ದನಂತೆ. ಒಳ್ಳೆಯ ಭಾಷಣ, ಚಪ್ಪಾಳೆಯೂ ಬಿತ್ತು. ಇವಳು ಚಹಾದ ವಿರಾಮದಲ್ಲಿ ಸಣ್ಣ ಸಣ್ಣ ದೇಶಗಳ ಮಕ್ಕಳ ಹತ್ತಿರ ಹೋಗಿ ಮೆಲ್ಲಗೆ ಒಂದೇ ಮಾತು ಕೇಳಿದಳು: ನಾಳೆ ಈ ಸಭೆ ನಿಮ್ಮ ಮನೆಯ ಬಾಗಿಲಿಗೆ ಬಂದರೆ? ಮತಕ್ಕೆ ಹಾಕಿದಾಗ ಪರ 15, ವಿರುದ್ಧ 9, ತಟಸ್ಥ 2. ಮೂರನೇ ಎರಡಕ್ಕೆ 16 ಬೇಕಿತ್ತು. ನಿರ್ಣಯ ಬಿತ್ತು. ಇತಿಹಾಸ ತಲೆಕೆಳಗಾಯಿತು.

ಗೆದ್ದ ಹುಡುಗಿ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲವೆಂದು ಅಕ್ಕ ಹೇಳಿದಳು. ನನಗೆ ಫೋನಿನಲ್ಲಿ ಸಿಕ್ಕಾಗ, “ಅಷ್ಟು ಸುಲಭ ಇತ್ತು ಚಿಕ್ಕಮ್ಮಾ. ನಾನು ಯಾವ ಸುಳ್ಳೂ ಹೇಳ್ಲಿಲ್ಲ” ಎಂದಳು. ಅವಳನ್ನು ಕಾಡಿದ್ದು ಅದು. ಸುಳ್ಳು ಹೇಳಿ ಗೆದ್ದಿದ್ದರೆ ಆಟ ಎಂದು ಮರೆತುಬಿಡಬಹುದಿತ್ತು. ಆಮೇಲೆ ಅವಳು ಓದಿದ್ದು ತನ್ನ ಪಕ್ಷದ ಕಾಗದಗಳನ್ನಲ್ಲ, ಛಾಗ್ಲಾ ಅವರ ವಾದವನ್ನು: ಎರಡು ಸರ್ಕಾರಗಳು 1927ರಲ್ಲಿ ಕೇಪ್‌ಟೌನ್ ಒಪ್ಪಂದ ಮಾಡಿಕೊಂಡ ಮೇಲೆ ಅದು ಒಂದು ದೇಶದ ಆಂತರಿಕ ವಿಷಯವಾಗಿ ಉಳಿಯುವುದು ಹೇಗೆ? ನಿಜವಾದ ನಿರ್ಣಯವೂ ಅದೇ ಹಗ್ಗ ಹಿಡಿದು ನಡೆದಿತ್ತು, ಎರಡು ಸರ್ಕಾರಗಳ ಒಪ್ಪಂದ ಮತ್ತು ಸನ್ನದು, ಎರಡಕ್ಕೂ ತಕ್ಕಂತೆ ನಡೆದುಕೊಳ್ಳಿ ಎಂದು. “ಆ ಹುಡುಗ ಇದನ್ನ ಹೇಳಿದ್ರೆ ನಾನು ಸೋಲ್ತಿದ್ದೆ” ಎಂದಳು. ಇನ್ನೂ ಮುಂದೆ ಓದುತ್ತಾ ಹೋದಾಗ, 1946ರಲ್ಲಿ ಆಂತರಿಕ ವಿಷಯವೆಂಬ ಬೇಲಿಯನ್ನು ದಾಟಿದ ಭಾರತವೇ ಮುಂದಿನ ದಶಕಗಳಲ್ಲಿ ಎಷ್ಟೋ ಸಲ ಅದೇ ಬೇಲಿಯ ಒಳಗೆ ನಿಂತು ಮಾತಾಡಿದ್ದು ಅವಳಿಗೆ ಸಿಕ್ಕಿತು. ಅದರ ಬಗ್ಗೆ ಅವಳಿಗೆ ಇನ್ನೂ ಸಿಟ್ಟಿದೆ. ನನಗೆ ಸಿಟ್ಟಿಲ್ಲ, ವಯಸ್ಸಿನ ವ್ಯತ್ಯಾಸ ಇರಬಹುದು. ಈಗ ಅವಳು ಕಾನೂನು ಓದುತ್ತಿದ್ದಾಳೆ. ಮಿತಭಾಷಿಯೇ. ಆದರೆ ಊಟಕ್ಕೆ ಕೂತಾಗ ಯಾರಾದರೂ ದೊಡ್ಡ ದನಿಯಲ್ಲಿ ಏನಾದರೂ ಹೇಳಿದರೆ, “ಅವರ ಕಡೆಯೋರು ಇದಕ್ಕೇನಂತಾರೆ?” ಎಂದು ಕೇಳುವ ಅಭ್ಯಾಸ ಬಂದಿದೆ. ಅಕ್ಕನಿಗೆ ಇದು ಕಿರಿಕಿರಿ.

ಮನ್‌ಗಳಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆನ್ನಿಸುವುದು ಭಾಷಣವಲ್ಲ, ನಿರ್ಣಯದ ಕರಡು. ವಿಶ್ವಸಂಸ್ಥೆಯ ನಿರ್ಣಯ ಎಷ್ಟೇ ಪುಟವಿರಲಿ, ವ್ಯಾಕರಣದ ದೃಷ್ಟಿಯಿಂದ ಒಂದೇ ವಾಕ್ಯ. ‘ಸಾಮಾನ್ಯ ಸಭೆಯು’ ಎಂದು ಶುರುವಾಗುತ್ತದೆ, ನೆನೆಯುತ್ತಾ, ಗಮನಿಸುತ್ತಾ, ಕಳವಳಗೊಂಡು ಎಂದು ಅಲ್ಪವಿರಾಮಗಳ ಮೇಲೆ ನಡೆದು, ಕೊನೆಗೆ ತೀರ್ಮಾನಿಸುತ್ತದೆ, ಒತ್ತಾಯಿಸುತ್ತದೆ, ಖಂಡಿಸುತ್ತದೆ ಎಂಬ ಕ್ರಿಯಾಪದಗಳಿಗೆ ಬಂದು, ಪೂರ್ಣವಿರಾಮ ಕಾಣುವುದು ತೀರಾ ತುದಿಯಲ್ಲಿ. ಇಂಗ್ಲಿಷಿಗೆ ಇದು ಕೃತಕ ಉಡುಪು. ಕನ್ನಡದಲ್ಲಿ ಬಂದು, ನೋಡಿ, ಕೇಳಿ, ಅತ್ತು, ಹೊರಟ ಎಂದು ಹೇಳುವ ನಮಗೆ ಇದು ಅಜ್ಜಿಯ ಕಥೆಯ ವಾಕ್ಯ. ‘ಒತ್ತಾಯಿಸುತ್ತದೆ’ಯ ಬದಲು ‘ಕೋರುತ್ತದೆ’ ಎಂದು ಹಾಕಿಸಲು ನಾಲ್ಕು ತಾಸು ಜಗ್ಗಾಡಿದ ಹತ್ತೊಂಬತ್ತರ ಹುಡುಗನಿಗೆ ಪದಗಳ ತೂಕ ಯಾವ ನಿಘಂಟಿಗಿಂತಲೂ ಚೆನ್ನಾಗಿ ಗೊತ್ತಾಗಿರುತ್ತದೆ.

ಆ ತೂಕ ನಿಜದಲ್ಲಿ ಎಷ್ಟೆಂಬುದಕ್ಕೆ 1967ರ ನವೆಂಬರ್ 22ರ ಭದ್ರತಾ ಮಂಡಳಿಯ 242ನೇ ನಿರ್ಣಯ ಸಾಕು. ಇಸ್ರೇಲ್ ಆ ವರ್ಷದ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಹಿಂದೆ ಸರಿಯಬೇಕು ಎನ್ನುವಲ್ಲಿ ಇಂಗ್ಲಿಷ್ ಪಠ್ಯ ‘ಪ್ರದೇಶಗಳು’ ಪದಕ್ಕೆ ‘ದಿ’ ಹಾಕಲಿಲ್ಲ. ಫ್ರೆಂಚ್ ಪಠ್ಯದಲ್ಲಿ ನಿರ್ದಿಷ್ಟತೆ ತೋರಿಸುವ ‘ದೆ’ ಇದೆ. ಎಲ್ಲ ಪ್ರದೇಶಗಳಿಂದಲೋ, ಕೆಲವುಗಳಿಂದಲೋ? ಅರ್ಧ ಶತಮಾನ ದಾಟಿದರೂ ಜಗಳ ಮುಗಿದಿಲ್ಲ. ಕನ್ನಡದಲ್ಲಿ ಆ ಗುಣವಾಚಕವೇ ಇಲ್ಲ. ‘ಆಕ್ರಮಿಸಿದ ಪ್ರದೇಶಗಳಿಂದ’ ಎಂದು ನಾವು ಬರೆದರೆ ಎರಡೂ ಅರ್ಥ ಬರುತ್ತದೆ, ಬ್ರಿಟಿಷ್ ಪ್ರತಿನಿಧಿ ಲಾರ್ಡ್ ಕ್ಯಾರಡನ್ ಪಟ್ಟ ಪಾಡನ್ನು ಪಡದೆಯೇ.

ಈ ಸಭೆಗಳ ಮೇಲಿನ ದೂರುಗಳು ನಿಜ. ಶುಲ್ಕ ಕೊಡಬಲ್ಲವರು, ಇಂಗ್ಲಿಷ್ ನಾಲಗೆಯ ಮೇಲಿರುವವರು, ಕೋಟು ಇರುವವರು ಬರುತ್ತಾರೆ. ‘ಬೆಸ್ಟ್ ಡೆಲಿಗೇಟ್’ ಬಹುಮಾನಕ್ಕಾಗಿ ಒಪ್ಪಂದ ಮುರಿಯುವುದನ್ನೂ ನೋಡಬಹುದು, ರಾಜತಂತ್ರದಲ್ಲಿ ಬಹುಮಾನವೆಂಬುದೇ ಇಲ್ಲದಿದ್ದರೂ. ವೇದಿಕೆಯಲ್ಲಿ ‘ನಾನು’ ಎನ್ನುವಂತಿಲ್ಲ, ‘ನಾರ್ವೆಯ ಪ್ರತಿನಿಧಿ ಭಾವಿಸುತ್ತಾರೆ’ ಎಂದೇ ಹೇಳಬೇಕೆಂಬ ನಿಯಮ ಹಲವು ಮನ್‌ಗಳಲ್ಲಿದೆ. ನಿಜವಾದ ವಿಶ್ವಸಂಸ್ಥೆಯಲ್ಲಿ ಅಂಥ ನಿಯಮವಿಲ್ಲ. ಒಂದೂವರೆ ನಿಮಿಷಕ್ಕೆ ಸುತ್ತಿಗೆ ಬೀಳುತ್ತದೆ. 1957ರ ಜನವರಿಯಲ್ಲಿ ಕಾಶ್ಮೀರದ ಬಗ್ಗೆ ಎರಡು ದಿನಕ್ಕೆ ಹಂಚಿ ಸುಮಾರು ಎಂಟು ಗಂಟೆ ಮಾತಾಡಿದ ಕೃಷ್ಣ ಮೆನನ್ ಯಾವ ಮನ್‌ನಲ್ಲೂ ಗೆಲ್ಲುತ್ತಿರಲಿಲ್ಲ. ಅಲ್ಲದೆ ಅಣಕು ಸಭೆಗಳಲ್ಲಿ ಎಲ್ಲವೂ ಮತಕ್ಕೆ ಹೋಗಿ ಮುಗಿಯುತ್ತದೆ; ಸಾಮಾನ್ಯ ಸಭೆಯ ಬಹುಪಾಲು ನಿರ್ಣಯಗಳು ಮತವೇ ಇಲ್ಲದೆ, ಒಮ್ಮತದಿಂದ ಆಗುತ್ತವೆ. 2009ರಲ್ಲಿ ವಿಶ್ವಸಂಸ್ಥೆ ತಾನೇ ಜಿನೀವಾದಲ್ಲಿ ವಿದ್ಯಾರ್ಥಿಗಳ ಸಭೆ ನಡೆಸಿದಾಗ ತನ್ನ ನಿಜವಾದ ಪದ್ಧತಿಯನ್ನು ಅಲ್ಲಿಗೆ ತರಲು ನೋಡಿದ್ದು ಇದಕ್ಕಾಗಿಯೇ.

ಆದರೆ ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ. ಅಣಕು ಸಭೆಯ ಪ್ರತಿನಿಧಿಗೆ ರಾಜಧಾನಿ ಇರುವುದಿಲ್ಲ. ತನಗೆ ತೋಚಿದ್ದನ್ನು ಆ ಕ್ಷಣವೇ ಒಪ್ಪಬಹುದು, ಬಿಡಬಹುದು. ಹಿಂದೆ ಯಾರೂ ತಂತಿ ಕಳಿಸುವುದಿಲ್ಲ. ಇದು ಎಷ್ಟು ದೊಡ್ಡ ವ್ಯತ್ಯಾಸ ಎಂಬುದಕ್ಕೆ ನಮ್ಮವರೇ ಒಬ್ಬರು ಸಾಕ್ಷಿ.

ಬೆನಗಲ್ ನರಸಿಂಗ ರಾವ್ ಮಂಗಳೂರಿನವರು, 1887ರಲ್ಲಿ ಹುಟ್ಟಿದವರು, ಕೆನರಾ ಹೈಸ್ಕೂಲಿನಲ್ಲಿ ಓದಿದವರು. ನೆಹರೂ ದಂಡ ಕಟ್ಟುತ್ತಿದ್ದ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅದೇ ಟ್ರಿನಿಟಿ ಕಾಲೇಜಿನಲ್ಲಿದ್ದರು. ಐಸಿಎಸ್ ಸೇರಿದರು, ನ್ಯಾಯಾಧೀಶರಾದರು, ಸಂವಿಧಾನ ಸಭೆಗೆ ಸಲಹೆಗಾರರಾದರು. 1950ರಲ್ಲಿ ಭಾರತ ಭದ್ರತಾ ಮಂಡಳಿಯ ಸದಸ್ಯನಾದಾಗ ಅಲ್ಲಿ ಭಾರತದ ಕುರ್ಚಿ ಅವರದು. ಮಂಡಳಿಯ ಅಧ್ಯಕ್ಷತೆ ಇಂಗ್ಲಿಷ್ ಅಕ್ಷರಕ್ರಮದಲ್ಲಿ ತಿಂಗಳಿಗೊಂದು ದೇಶಕ್ಕೆ ಸುತ್ತುತ್ತದೆ. ಆ ಜೂನ್ ಭಾರತದ್ದು. ಜೂನ್ 25, ಭಾನುವಾರ, ಉತ್ತರ ಕೊರಿಯಾದ ಸೈನ್ಯ ಗಡಿ ದಾಟಿದ ಸುದ್ದಿ ಬಂತು. ಚೀನಾದ ಸ್ಥಾನ ಯಾರಿಗೆಂಬ ಜಗಳದಲ್ಲಿ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ಅಂದೇ ಮಂಡಳಿ ಸೇರಿ, ದಾಳಿ ನಿಲ್ಲಿಸಿ ಹಿಂದೆ ಹೋಗಿ ಎಂಬ ನಿರ್ಣಯವನ್ನು 9 ಮತಗಳಿಂದ ಒಪ್ಪಿತು. ವಿರೋಧವಿಲ್ಲ, ಯುಗೋಸ್ಲಾವಿಯಾ ತಟಸ್ಥ. ರಾವ್ ಪರವಾಗಿ ಮತ ಹಾಕಿದರು.

27ರ ನಿರ್ಣಯ ಬೇರೆ ಬಗೆಯದು: ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ಕೊಡಬೇಕು, ಅಂದರೆ ಯುದ್ಧ. ಅರವತ್ತು ದಾಟಿದ, ಒಂದಿಡೀ ಸಂವಿಧಾನದ ಕರಡು ಬರೆದ ಮನುಷ್ಯನಿಗೆ ಅದು ಸರಿಯೋ ತಪ್ಪೋ ಎಂದು ಗೊತ್ತಿರಲಿಲ್ಲವೆಂದೇನಿಲ್ಲ. ಆದರೆ ಅವರಿಗೆ ದೆಹಲಿಯ ಸೂಚನೆ ಬಂದಿರಲಿಲ್ಲ. ಈಜಿಪ್ಟಿನ ಪ್ರತಿನಿಧಿಗೆ ಕೈರೋದಿಂದಲೂ ಬಂದಿರಲಿಲ್ಲ. ಮಧ್ಯಾಹ್ನ ಸೇರಿದ್ದ ಸಭೆಯನ್ನು ಸಂಜೆ ನಿಲ್ಲಿಸಿದರು. ಗಂಟೆಗಟ್ಟಲೆ ಕಾದರು. ರಾತ್ರಿ ಮತ್ತೆ ಸೇರಿದಾಗಲೂ ಸೂಚನೆ ಇಲ್ಲ, ಇನ್ನು ಕಾಯುವಂತಿರಲಿಲ್ಲ. ಮತಕ್ಕೆ ಹಾಕಿದರು. ಪರ 7, ವಿರುದ್ಧ 1, ಯುಗೋಸ್ಲಾವಿಯಾ. ಈಜಿಪ್ಟ್ ಮತ್ತು ಭಾರತ ಮತದಾನದಲ್ಲಿ ಭಾಗವಹಿಸಿರಲಿಲ್ಲ. ಅಧ್ಯಕ್ಷರ ಪೀಠದಲ್ಲಿ ಕೂತಿದ್ದವರೇ ತಮ್ಮ ಕೈ ಮೇಲೇಳಿಸದೆ ಉಳಿದವರ ಕೈಗಳ ಲೆಕ್ಕ ಹೇಳಿದರು. ನಿರ್ಣಯವನ್ನು ಭಾರತ ಒಪ್ಪಿದೆ ಎಂಬ ಮಾತು ದೆಹಲಿಯಿಂದ ಬಂದದ್ದು 29ರಂದು.